ಸೋದರಮಾವನ ಕಾರ್ಬುರೇಟರ್

ಪಾಪಿನಾಯಕನಹಳ್ಳಿಯಲ್ಲಿ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಗಂಡ ಹೆಂಡತಿ ಕುಳಿತಿದ್ದ ಹಳೆಯ ಟೂ-ಸ್ಟ್ರೋಕ್ ಬೈಕೊಂದು ನನ್ನ ಎದುರಿಗೇ ಕೆಮ್ಮಿ ನಿಂತಿತು.

"ಮೂರನೇ ಸಲ. ನಿನ್ನ ತಮ್ಮ ರಾಯಣ್ಣ ಒರಿಜಿನಲ್ ಕಾರ್ಬುರೇಟರ್ ಬಿಚ್ಚಿ ಮಾರ್ಕಂಡಾನ," ಎಂದ ಗಂಡ.

"ನೀವು ನೋಡೀರೇನ್ರಿ?"

"ಅವನ ಗ್ಯಾರೇಜಿನಿಂದ ಬಂದ ಮ್ಯಾಲೇ ಹಿಂಗಾಗೈತಿ. ಇವತ್ತು ಹೋಗಿ, ನಮ್ಮನಿ ಬಾಗ್ಲಿಗೆ ಬರಬ್ಯಾಡ ಅಂತ ಹೇಳಾವ."

"ಸೋಮವಾರ ಕೂಸಿನ ಕಿವಿ ಚುಚ್ಚಿಸೋದೈತಿ. ಸೋದರಮಾವನ ಬಿಟ್ಟು ಯಾರ ತೊಡಿ ಮ್ಯಾಲ ಕುಂದ್ರಿಸ್ತೀರಿ?"

ಅವನು ಪೆಟ್ರೋಲ್ ಕದ್ದಿದ್ದಾರೋ ಎಂದು ಟ್ಯಾಂಕಿನ ಮುಚ್ಚಳ ತೆರೆದ. ಸುಸ್ ಎಂದು ಗಾಳಿ ಒಳಹೊಕ್ಕಿತು.

"ಹಿಂದಿನ ಎರಡ್ಸಲನೂ ಮುಚ್ಚಳ ತೆಗೆದು ನೋಡಿದ ಮ್ಯಾಲೇ ಗಾಡಿ ಚಾಲೂ ಆತಲ್ರಿ?"

ಅವನು ಮುಚ್ಚಳವನ್ನು ಬಿಸಿಲಿಗೆ ಹಿಡಿದ. "ಇದರ ಗಾಳಿ ತೂತು ಎಲ್ಲೈತಿ? ಏನಿದು, ಒಣಗಿದ ಗಂಧ?"

"ಅಮಾಸಿ ಪೂಜಿದು. ಗ್ಯಾರೇಜಿನಿಂದ ಬಂದೈತಿ, ದೃಷ್ಟಿ ಆಗತೈತಿ, ದಪ್ಪಗ ಹಚ್ಚು ಅಂದೋರು ನೀವು."

"ಟ್ಯಾಂಕಿಗೆ ಗಾಳಿ ಹೋಗದಿದ್ರ ಇಂಜಿನ್ನಿಗೆ ಪೆಟ್ರೋಲ್ ಇಳಿಯಂಗಿಲ್ಲ," ಎಂದ, ತನಗೆ ತಾನೇ ಹೇಳಿಕೊಂಡಂತೆ.

ಅವಳು ಸೆರಗಿನ ಪಿನ್ ತೆಗೆದು ತೂತಿನ ಗಂಧ ಕೆರೆದು ಬಿಡಿಸಿಕೊಟ್ಟಳು. ಒಂದೇ ಕಿಕ್ಕಿಗೆ ಬೈಕು ಶುರುವಾಯಿತು.

"ಈಗ ನಮ್ಮ ತಮ್ಮಗ ಏನಂತೀರಿ?"

"ಸೋಮವಾರಕ್ಕ ಕರದು ಬರೋಣ, ಹತ್ತು." ಎಕ್ಸಲರೇಟರ್ ತಿರುವುತ್ತಾ ಸೇರಿಸಿದ, "ಆದ್ರೂ ಕಾರ್ಬುರೇಟರ್ ಒಂದ್ಸಲ ನೋಡಿಸ್ತೀನಿ."

"ಮೊದ್ಲು ಕರೀರಿ. ಆಮ್ಯಾಲ ನೋಡ್ರಿ," ಎನ್ನುತ್ತಾ ಅವಳು ಹಿಂದೆ ಕುಳಿತಳು. ಪಿನ್ನು ಇನ್ನೂ ಅವಳ ಕೈಯಲ್ಲೇ ಇತ್ತು.

ಬೈಕು ತಿರುವು ದಾಟುವವರೆಗೂ ನಾನು ಅದರ ಸದ್ದಿಗೆ ಕಿವಿಗೊಟ್ಟೇ ನಿಂತಿದ್ದೆ. ನಡುವೆ ಅದು ನಿಲ್ಲಲಿಲ್ಲ.