ಅಂದು ಎತ್ತಿದ ಟೋಪಿ

ವೆರ್ನಾ ಅಮ್ಮನವರೇ, ಮಗಳು ಲೋರೀನ್, ಪಾದ್ರಿಗಳೇ, ಅಲಬಾಮದ ಮೂಲೆಮೂಲೆಯಿಂದ ಬಂದು ನಾಯಿಗಳನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಕೂತಿರುವ ಗೆಳೆಯರೇ — ನಿಮಗೆಲ್ಲ ನನ್ನ ನಮಸ್ಕಾರ. ಹೊರಗೆ ಅವು ಬೊಗಳುತ್ತಿವೆ. ಬೊಗಳಲಿ ಬಿಡಿ. ಪ್ರಾರ್ಥನೆಯ ನಡುವೆ ನಾಯಿಯ ದನಿ ಕೇಳಿದರೆ, ಇವತ್ತು ನಾವು ಬೀಳ್ಕೊಡುತ್ತಿರುವ ಹಾಲಿಸ್ ಟ್ರೆಡವೇ ಅವರಿಗೆ ಬೇಸರವಾಗುತ್ತಿರಲಿಲ್ಲ. ಪಾದ್ರಿಗಳಿಗೆ ಆಗುತ್ತಿತ್ತು.

ನಾನು ಎಜೆಲ್ ಮ್ಯಾಡಕ್ಸ್. ಮೂವತ್ತೊಂದು ವರ್ಷ ಅವರ ಜೊತೆ ಕುದುರೆ ಹತ್ತಿದವನು. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ಮೂಸಿ ಹುಡುಕಿ, ಅಲುಗದೆ ನಿಂತು ತೋರಿಸುವ ನಾಯಿಗಳ ಪಂದ್ಯದಲ್ಲಿ ನಾಯಿ ಓಡಿಸುವುದು ಅವರು, ಅದು ಕಣ್ಮರೆಯಾದರೆ ಹುಡುಕಿಕೊಂಡು ಹೋಗುವುದು ನಾನು. ಪತ್ರಿಕೆಯಲ್ಲಿ ಅವರ ಹೆಸರು ಬರುತ್ತಿತ್ತು, ನನ್ನದು ಬರುತ್ತಿರಲಿಲ್ಲ. ಅದರ ಬಗ್ಗೆ ಇವತ್ತು ದೂರಿಲ್ಲ — ಇವತ್ತು ನಾನು ದೂರು ಹೇಳಬೇಕಾಗಿರುವುದು ನನ್ನ ಮೇಲೆಯೇ.

ಅವರು ಮರಿಗಳನ್ನು ಪಳಗಿಸುತ್ತಿದ್ದ ರೀತಿಯನ್ನು ನೀವೆಲ್ಲ ನೋಡಿದ್ದೀರಿ. ಲಾವಕ್ಕಿಯ ವಾಸನೆ ಸಿಕ್ಕಿ ಮರಿ ಮರಗಟ್ಟಿ ನಿಂತಿತೆಂದರೆ, ಮಂಡಿಯೂರಿ ಪಕ್ಕದಲ್ಲಿ ಕೂತು, ಹೀಗೆ — ಎರಡೇ ಬೆರಳಿನಲ್ಲಿ ಅದರ ಬಾಲ ನೇವರಿಸಿ ಮೇಲೆತ್ತುತ್ತಿದ್ದರು. "ಬಾಯಿ ಸುಳ್ಳು ಹೇಳತ್ತೆ ಕಣೋ ಎಜೆಲ್, ಬಾಲ ಹೇಳಲ್ಲ" ಅನ್ನುತ್ತಿದ್ದರು. "ಹಂಗಾದ್ರೆ ನಮ್ಮ ಶಾಸಕರಿಗೂ ಒಂದೊಂದು ಬಾಲ ಇರಬೇಕಿತ್ತು ಯಜಮಾನ್ರೇ" ಅಂದೆ ಒಂದು ಸಲ. ಅರ್ಧ ದಿನ ನಕ್ಕರು.

ರೂಬಿಯನ್ನು ಮರೆತವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಬಿಳಿ ಮೈ, ಕಂದು ಕಿವಿ. ಹಾಲಿಸ್ ಅವರ ತಂದೆಯ ಕಾಲದಿಂದ ಇಳಿದು ಬಂದ ತಳಿ. ನಾಯಿಗಳಿಗೆ ಜಾಡ್ಯ ಬಂದ ವರ್ಷ ಗೂಡೆಲ್ಲ ಬರಿದಾಯಿತು, ಉಳಿದವಳು ಅವಳೊಬ್ಬಳೇ. ಆ ತಳಿ ಮುಂದುವರಿದರೆ ಅವಳಿಂದಲೇ ಮುಂದುವರಿಯಬೇಕಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ದೊಡ್ಡ ಪಂದ್ಯದ ಕೊನೆಯ ಸುತ್ತಿನಲ್ಲಿ ರೂಬಿ ಕಾಣೆಯಾದಳು. ಸುತ್ತಿನ ಒಂದು ಗಂಟೆ ಮುಗಿಯಲು ನಾಲ್ಕೇ ನಿಮಿಷ; ಅಷ್ಟರಲ್ಲಿ ಸಿಗದಿದ್ದರೆ ಸೋಲು. ನಾನು ಕುದುರೆ ಓಡಿಸಿಕೊಂಡು ಹೋದೆ. ಹಳ್ಳದಾಚೆ ಒಂದು ಮುಳ್ಳುಪೊದೆಯ ಹತ್ತಿರ ಸಿಕ್ಕಳು. ಹೇಗಿದ್ದಳು? — ಪೇಪರಿನಲ್ಲಿ ಬಂದ ಹಾಗೆ ಇರಲಿಲ್ಲ. ನಾಲಗೆ ಚಾಚಿಕೊಂಡು ಸುಮ್ಮನೆ ಅಡ್ಡಾಡುತ್ತಿದ್ದಳು. ಯಾವ ಹಕ್ಕಿಯ ಮೇಲೂ ಗುರಿಯಿಟ್ಟು ನಿಂತಿರಲಿಲ್ಲ.

ನಾನು ಮೆಲ್ಲಗೆ "ನಿಲ್ಲೇ" ಅಂದೆ. ಹೇಳಿದ ಮಾತು ಕೇಳುವ ನಾಯಿ, ನಿಂತಳು. ಅಷ್ಟು ಸಾಕಾಯಿತು ನನಗೆ. ನಾಯಿ ಹಕ್ಕಿ ಕಂಡು ನಿಂತಿದೆ ಅನ್ನುವ ಗುರುತಿಗೆ ಈ ಟೋಪಿಯನ್ನೇ — ಇದೇ ಟೋಪಿ — ಮೇಲೆತ್ತಿ, "ನಿಂತಿದ್ದಾಳೆ!" ಎಂದು ಕೂಗಿದೆ.

ತೀರ್ಪುಗಾರರು ಓಡಿ ಬಂದರು. ಹಾಲಿಸ್ ಕುದುರೆ ಇಳಿದು, ಹಕ್ಕಿ ಎಬ್ಬಿಸಲು ಪೊದೆಗೆ ಕಾಲಿನಿಂದ ಬಡಿದರು. ನನ್ನ ಅದೃಷ್ಟವೋ, ದುರದೃಷ್ಟವೋ, ಹನ್ನೆರಡು ಹಕ್ಕಿ ಭರ್ರನೆ ಎದ್ದವು. ಎಲ್ಲರೂ ಹಕ್ಕಿ ನೋಡಿದರು. ಹಾಲಿಸ್ ನೋಡಿದ್ದು ರೂಬಿಯ ಬಾಲವನ್ನು. ಅದು ಅರ್ಧಕ್ಕೆ ಇಳಿದಿತ್ತು; ಹಕ್ಕಿಯ ವಾಸನೆ ಹಿಡಿದು ನಿಂತ ನಾಯಿಯ ಬಾಲ ನೆಟ್ಟಗೆ ಮೇಲಿರುತ್ತದೆ. ಆಮೇಲೆ ನನ್ನನ್ನು ನೋಡಿದರು.

ಗೆದ್ದವರ ಬಹುಮಾನದ ಬಟ್ಟಲು ಬಂತು, ಫೋಟೋ ಬಂತು. ರೂಬಿಯ ಮರಿ ಬೇಕೆಂದು ನಿಮ್ಮಲ್ಲಿ ಎಷ್ಟು ಜನ ಅವರ ಬಾಗಿಲಿಗೆ ಬಂದಿರಿ! "ಅವಳಿಗೆ ಗರ್ಭ ನಿಲ್ಲಲ್ಲ" ಎಂದು ಎಲ್ಲರನ್ನೂ ಸಾಗಹಾಕಿದರು. ಗರ್ಭ ನಿಲ್ಲದೆ ಏನು? ಒಮ್ಮೆಯೂ ಅವಳನ್ನು ಗಂಡಿನ ಹತ್ತಿರ ಬಿಡಲಿಲ್ಲ. ಗಳಿಸದ ಹೆಸರಿನ ಮೇಲೆ ಮರಿ ಮಾರುವ ಮನುಷ್ಯ ಅವರಲ್ಲ. ನಿಜ ಹೇಳಿ ಬಟ್ಟಲು ಹಿಂದಿರುಗಿಸಬಹುದಿತ್ತಲ್ಲ ಅಂತೀರಾ? ನನ್ನಂಥ ಕಪ್ಪು ಬಣ್ಣದ ಸವಾರನ ಮೇಲೆ ಮೋಸದ ಮಾತು ಒಂದು ಸಲ ಬಿದ್ದರೆ, ಈ ಸೀಮೆಯಲ್ಲಿ ಮತ್ತೆ ಯಾರೂ ಅವನ ಕೈಗೆ ಲಗಾಮು ಕೊಡುವುದಿಲ್ಲ. ನನ್ನ ಅನ್ನ ಉಳಿಸಲು ಅವರು ಬಾಯಿಗೆ ಬೀಗ ಹಾಕಿಕೊಂಡರು. ರೂಬಿ ಹದಿಮೂರನೆಯ ವಯಸ್ಸಿನಲ್ಲಿ ಅವರ ಜಗಲಿಯ ಕೆಳಗೆ ಸತ್ತಳು. ಆ ತಳಿ ಅಲ್ಲಿಗೆ ಮುಗಿಯಿತು.

ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ಹತ್ತೊಂಬತ್ತು ವರ್ಷ ಕೇಳದ ಮಾತನ್ನು ಅಂದು ಕೇಳಿದರು.

"ಎಜೆಲ್, ಅವತ್ತು ರೂಬಿ ನಿಜವಾಗ್ಲೂ ನಿಂತಿದ್ಲೇನೋ?"

ಸಾಯುವ ಮನುಷ್ಯ. ನೆಮ್ಮದಿಯಾಗಿ ಹೋಗಲಿ ಅನ್ನಿಸಿತು. "ನಿಂತಿದ್ಲು ಯಜಮಾನ್ರೇ. ಚರ್ಚಿನ ಗೋಪುರದ ಹಂಗೆ ಬಾಲ ಎತ್ತಿದ್ಲು. ನೀವು ಬರೋ ಹೊತ್ತಿಗೆ ಸುಸ್ತಾಗಿ ಇಳಿಸಿದ್ಲು ಅಷ್ಟೇ" ಅಂದೆ. ಅವರು ಗೋಡೆಯ ಕಡೆ ಹೊರಳಿದರು. ಒಳ್ಳೆಯದು ಮಾಡಿದೆ ಎಂದುಕೊಂಡು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ನಿನ್ನೆ ಅಡುಗೆಮನೆಯಲ್ಲಿ ವೆರ್ನಾ ಅಮ್ಮ ನನ್ನ ಮುಂದೆ ಪೀಚ್ ಹಣ್ಣಿನ ಕಡುಬು ಇಟ್ಟು ಹೇಳಿದರು: "ನೀನು ಬಂದುಹೋದ ಮೇಲೆ ತುಂಬಾ ಅತ್ತುಬಿಟ್ರು ಎಜೆಲ್. 'ನಿಜವಾದ ನಾಯಿನ ಅನುಮಾನಿಸಿ, ಅಪ್ಪನ ತಳಿನ ನನ್ನ ಕೈಯಾರೆ ಅಳಿಸಿಬಿಟ್ಟೆ' ಅಂತಿದ್ರು. ಕೊನೇವರೆಗೂ ಅದೇ ಮಾತು."

ಆ ಕಡುಬನ್ನು ಮುಟ್ಟಲಿಲ್ಲ. ಎದ್ದು ಬಂದುಬಿಟ್ಟೆ. ಕ್ಷಮಿಸಿ ಅಮ್ಮಾ, ನಿಮಗೆ ಕಾರಣ ಗೊತ್ತಾಗುತ್ತಿರುವುದು ಈಗ.

ಮೊದಲನೇ ಸುಳ್ಳು ಬಟ್ಟಲಿಗಾಗಿ ಹೇಳಿದೆ. ಎರಡನೆಯದು ಪ್ರೀತಿಯಿಂದ ಹೇಳಿದೆ. ಅವರನ್ನು ಕೊಂದದ್ದು ಎರಡನೆಯದು. ಇದನ್ನು ಅವರ ಹಾಸಿಗೆಯ ಪಕ್ಕ ಹೇಳಬೇಕಿತ್ತು. ಈಗ ಅವರಿಲ್ಲ, ನೀವಿದ್ದೀರಿ. ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳುತ್ತೇನೆ — ಯಜಮಾನ್ರೇ, ನೀವು ಬಾಲ ಓದಿದ್ದು ಸರಿ. ನೀವು ರೂಬಿಗೆ ಅನ್ಯಾಯ ಮಾಡಲಿಲ್ಲ. ಮಾಡಿದವನು ನಾನು, ಅವಳಿಗೂ, ನಿಮಗೂ. ಆ ಬಟ್ಟಲನ್ನು ಲೋರೀನ್ ಇಲ್ಲಿ ತಂದಿಟ್ಟಿದ್ದಾಳೆ. ಅದು ಯಾರಿಗೆ ಸೇರಬೇಕೋ ಪಂದ್ಯದವರು ತೀರ್ಮಾನಿಸಲಿ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಟೋಪಿಗಳನ್ನು ತೆಗೆಯಿರಿ. ನಮ್ಮ ಬಯಲಿನಲ್ಲಿ ಒಬ್ಬ ಟೋಪಿ ಎತ್ತಿದರೆ ಉಳಿದವರು ನಂಬಿ ಬರುತ್ತಾರೆ. ನಾನು ಇದನ್ನು ಇನ್ನು ಎತ್ತುವುದಿಲ್ಲ, ಎದೆಯ ಹತ್ತಿರ ಹಿಡಿದುಕೊಳ್ಳುತ್ತೇನೆ. ಒಂದು ನಿಮಿಷ ಮೌನವಾಗಿರೋಣ. — ಹೊರಗಿನ ನಾಯಿಗಳು ಬೊಗಳಿದರೆ ಯಾರೂ ಸುಮ್ಮನಿರಿಸಬೇಡಿ.