ಹಡಗಿನಲ್ಲಿ ಬಂದ ಬಳೆ

ಬಳೆಗಾರನ ಮುಂದೆ ಕೂತ ಹೆಂಗಸು ಬೇಗ ಏಳುವುದುಂಟೇ! ಗೋಕಾಕದ ಸಂತೆಯಲ್ಲಿ ಚನಮಲ್ಲಪ್ಪನ ಬಳೆ ಗಂಟಿನೆದುರು ಸರದಿ ಕಾಯುತ್ತಿದ್ದ ರಾಯವ್ವನಿಗೆ ನೆತ್ತಿ ಸುಡುತ್ತಿತ್ತು. ಮುಂದೆ ಕೂತಿದ್ದ ಮಸಗುಪ್ಪಿಯ ಪಾರವ್ವ ಇನ್ನೂ ಕೈ ಚಾಚಿಯೇ ಇದ್ದಳು.

“ಕಾಕಾ, ಇವನ್ನ ತಗದು ನಮ್ಮ ದೇಶದ್ದು ಇಡ್ರಿ.”

“ಯಾಕವಾ? ಹಡಗದಾಗ ಬಂದ ಮಾಲು, ಹೆಂಗ ಹೊಳೀತಾವ ನೋಡು!”

“ಅದಕ್ಕs ಬ್ಯಾಡ. ನಮ್ಮನಿಯವರನ್ನ ಚಳವಳಿಯಾಗ ಹಿಡದು ಹಿಂಡಲಗಿ ಜೇಲಿಗೆ ಹಾಕ್ಯಾರ. ಪರದೇಶದ್ದು ಒಂದೂ ಮನ್ಯಾಗ ಇರಬಾರದಂತ ಹೇಳಿ ಕಳಿಸ್ಯಾರ.”

“ಎಲ್ಲಾ ಬಿಟ್ಟೀಯೇನು?”

“ಸೀರಿ ಸುಟ್ಟೆ. ಸಕ್ಕರಿ ಬಿಟ್ಟು ಬೆಲ್ಲ ಹಾಕಾಕತ್ತೇನಿ. ಚಿಮಣಿ ಎಣ್ಣಿ ಬಿಟ್ಟು ಹಣತಿ ಹಚ್ಚಾಕತ್ತೇನಿ. ಇವಷ್ಟs ಉಳದಾವು.”

ಚನಮಲ್ಲಪ್ಪ ಅವಳ ಕೈಗೆ ಎಣ್ಣೆ ಸವರಿ ಹಳೆಯವನ್ನು ಜಾರಿಸಿದ. ಒಂದೊಂದು ಕೈಯಲ್ಲಿ ಒಂದೊಂದನ್ನು ಉಳಿಸಿ, ಅದರ ಮುಂದೆ ದೇಶದ ಬಳೆ ಏರಿಸಿದ.

“ಕಾಕಾ, ಹಿಂದ ಒಂದೊಂದು ಉಳದಾವಲ್ರಿ!”

“ಮುತ್ತೈದಿ ಕೈ ಬರೇ ಮಾಡಬಾರದವಾ, ಅದಕ್ಕ ಬಿಟ್ಟೆ. ಈಗ ಮುಂದ ಹೊಸವು ಕೂತಾವು, ಅವನ್ನ ಒಡದs ತಗೀಬೇಕು. ಒಡೀಲೇನು?”

ಪಾರವ್ವ ಎರಡೂ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

“ಬ್ಯಾಡ್ರಿ! ಅವರು ಜೇಲಿನಾಗ ಇದ್ದಾಗ ನಾ ಬಳಿ ಒಡಸ್ಕೋಬೇಕೇನ್ರಿ?”

“ಬಂದು ನೋಡಿದ್ರ ಬೈತಾರವಾ.”

“ಬೈಲ್ರಿ ಕಾಕಾ. ಬೈಯಾಕರೆ ಬರ್ಲಿ.”

ಮುಂಗೈ ಮೇಲೆ ಸೆರಗೆಳೆದುಕೊಂಡು ಅವಳು ಎದ್ದು ಹೋದಳು. ರಾಯವ್ವ ಮುಂದೆ ಸರಿದು ಕೂತಳು. ಪಾರವ್ವ ಹೋದ ದಾರಿಯನ್ನೇ ನೋಡುತ್ತಿದ್ದವಳಿಗೆ ಕೈ ಚಾಚಲು ತುಸು ಹೊತ್ತು ಹಿಡಿಯಿತು.