ಕರೀ ಜುಬ್ಬ

...ಅಯ್ಯೋ, ಮೊಣಕಾಲಿಗೆ ಚುಚ್ತು ಕಣಮ್ಮಾ! ಕೋಪ ಇದ್ರೆ ಬಾಯಲ್ಲಿ ಹೇಳು, ಪಿನ್ನಲ್ಲಿ ಹೇಳ್ಬೇಡ! ಹೇಳೋಕಾದ್ರೂ ಎಲ್ಲಾಗುತ್ತೆ, ಬಾಯ್ತುಂಬ ಗುಂಡುಪಿನ್ನು ಕಚ್ಕೊಂಡಿದ್ದೀಯ. ನಿನ್ನ ಟೈಲರಂಗಡೀಲಿ ಮಾತೆಲ್ಲ ಸ್ಟೂಲಿನ ಮೇಲೆ ನಿಂತೋರದ್ದೇ!

ಅದಿರ್ಲಿ, ಒಂದು ವಿಷ್ಯ ಹೇಳ್ಲಾ? ಜುಬ್ಬದ್ದು. ನಮ್ಮ ಪದ ಅಂದ್ಕೊಂಡಿದ್ಯಾ? ಅರಬ್ಬೀದು! ಅಲ್ಲಿ ಜುಬ್ಬ ಅಂದ್ರೆ ಉದ್ದನೇ ನಿಲುವಂಗಿ. ಫ್ರೆಂಚರ ಬಾಯಿಗೆ ಬಿತ್ತು, ಜೂಪ್ ಆಯ್ತು. ಜೂಪ್ ಅಂದ್ರೆ ಏನ್ ಗೊತ್ತಾ? ಹೆಣ್ಮಕ್ಕಳ ಲಂಗ! ...ನಗಲ್ವಾ? ಸರಿ, ನಗ್ಬೇಡ, ಪಿನ್ನು ನುಂಗ್ಬಿಡ್ತೀಯ. ರಷ್ಯದೋರ ಚಳಿಗೆ ಸಿಕ್ಕಿ ಶೂಬ ಅಂತಾಗಿ ಮೈತುಂಬ ತುಪ್ಪಳ ಬೆಳೆಸ್ಕೊಂತು. ನಮ್ಮ ಹತ್ರ ಬರೋಷ್ಟರಲ್ಲಿ ಸುಸ್ತಾಗಿ ಮೊಣಕಾಲಿಗೇ ನಿಂತ್ಬಿಡ್ತು. ತುರ್ಕಿಯೋರಂತೂ ಇದನ್ನೇ, ನೀನು ನನಗೆ ತೊಡಿಸಿದ್ದೀಯಲ್ಲ ಈ ಕರೀ ಪದವಿ ಗೌನು, ಇದನ್ನೇ ಜುಬ್ಬೆ ಅಂತಾರೆ!

ಏನು ಹಂಗೆ ನೋಡ್ತೀಯ? ಕ್ಲಾಸಲ್ಲಿ ಹೇಳಿದ್ರು. ಹ್ಞೂ... ಕ್ಲಾಸಲ್ಲೇ! ಹುಬ್ಬು ಇಳಿಸು ಮೊದ್ಲು.

ದೇಶ ಸುತ್ತು, ಕೋಶ ಓದು ಅಂತೀಯಲ್ಲ ಯಾವಾಗ್ಲೂ? ಜುಬ್ಬ ಬರೀ ದೇಶ ಸುತ್ತಿದ್ದು ಕಣಮ್ಮಾ. ಕೋಶ ಮುಟ್ಟೇ ಇಲ್ಲ. ಯಾವ ಪರೀಕ್ಷೆ ಪಾಸಾಗಿತ್ತು? ಆದ್ರೂ ಹೋದಲ್ಲೆಲ್ಲ ಮರ್ಯಾದೆ ಸಿಕ್ತು!

ಅದಕ್ಕೇ ಬಡ್ಕೊಳ್ತಿರೋದು, ಗೌನು ಬೇಡ ಅಂತ. ವರ್ಷಾ ವರ್ಷಾ ಇಡೀ ಕಾಲೇಜಿಗೆ ಹೊಲ್ಕೊಡ್ತೀಯ, ಒಪ್ಪಿದೆ. ನನಗೆ ಅಂತ ಒಳ್ಳೇ ಬಟ್ಟೆ ಎತ್ತಿಟ್ಟು, ಭಾನುವಾರ ನಮ್ಮವನಿಗೂ ಪದವಿ ಕೊಡ್ತಾರೆ ಅಂತ ಬೀದಿಗೆಲ್ಲ ಡಂಗುರ ಹೊಡೆದೆಯಲ್ಲ, ಯಾರು ಹೇಳಿದ್ರು ನಿನಗೆ? ಭಾನುವಾರ ನನಗೆ ಜ್ವರ ಬಂದ್ರೆ? ...ಈಗಿಲ್ಲಮ್ಮಾ, ಹಣೆ ಯಾಕೆ ಮುಟ್ತೀಯ!

ಮೊನ್ನೆ ನಮ್ಮ ಕ್ಲಾಸಿನೋರು ಅಳತೆ ಕೊಡೋಕೆ ಬಂದಿದ್ರಂತೆ? ಏನಾದ್ರೂ... ಅಂದ್ರಾ? ಇಲ್ಲ, ಸುಮ್ನೆ ಕೇಳ್ದೆ. ಆ ಕನ್ನಡಕದೋನು ಬಾಯಿಬಡುಕ, ಅವನ ಮಾತು ಕಿವಿಗೆ ಹಾಕ್ಕೋಬೇಡ.

ಅಮ್ಮಾ? ಬೈಯಾದ್ರೂ ಬೈ. ಗೋಡೆ ಜೊತೆ ಮಾತಾಡ್ದಂಗಿದೆ. ಆ ಪಿನ್ನು ತೆಗೆದು ಒಂದ್ಮಾತು...

ಏ, ಪಿನ್ನು ಎಲ್ಲಿ? ಬಾಯಿ ಖಾಲಿ! ಯಾವಾಗ ಮುಗೀತು? ಮತ್ತೆ ಇಷ್ಟೊತ್ತು ಯಾಕೆ ಸುಮ್ನಿದ್ದೆ?

ತಡಿ. ಕನ್ನಡಿ ನೋಡ್ಕೋತೀನಿ. ...ಇದೇನಮ್ಮಾ? ಎಲ್ರ ಗೌನೂ ಮೀನಖಂಡದ ಕೆಳಗಿಳಿಯುತ್ತೆ. ನನ್ನದಕ್ಕೆ ಸುತ್ತಲೂ ಮೊಣಕಾಲಿಗೇ ಪಿನ್ನು ಹಾಕಿದ್ದೀಯ, ಇದು ಜುಬ್ಬದ ಅಳತೆ. ನಾನು ಜುಬ್ಬದ ಸುದ್ದಿ ಎತ್ತೋಕೆ ಮುಂಚೇನೇ... ಮೊದಲನೇ ಪಿನ್ನೂ ಮೊಣಕಾಲಿಗೇ...

ಅಮ್ಮಾ.

ನಾನು ಕಾಲೇಜು ಬಿಟ್ಟಿದ್ದು ನಿನಗೆ ಯಾವಾಗ ಗೊತ್ತಾಯ್ತು?